ಗುಡುಗು, ಮಳೆ, ಭೂಕಂಪ: ಗವಿಯೊಳಗೆ ಹೋಗುವ ಮುನ್ನ ನೋಡಬೇಕಾದದ್ದು

ಚಿತ್ರದುರ್ಗದ ಗುಡ್ಡಗಳಲ್ಲಿ ಕುರಿ ಮೇಯಿಸುವವರಿಗೂ ಚಾರಣಕ್ಕೆ ಬರುವವರಿಗೂ ಮೋಡ ಕವಿದೊಡನೆ ಮೊದಲು ನೆನಪಾಗುವುದು ಬಂಡೆಗಳ ನಡುವಿನ ಗವಿ. ಅದು ಆಸರೆಯಾಗುವುದೋ ಅಪಾಯವಾಗುವುದೋ ಎಂಬುದು ಎದುರಾಗಿರುವ ವಿಪತ್ತಿನ ಮೇಲೆ ನಿಂತಿದೆ. ಆದ್ದರಿಂದ ಒಳಹೊಗುವ ಮೊದಲು ವಿಪತ್ತು ಯಾವುದೆಂದು ಗುರುತಿಸಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಹೆಚ್ಚು ಅಂಜಬೇಕಾದದ್ದು ಸಿಡಿಲಿಗೆ. ಮುಂಚಾಚಿದ ಬಂಡೆಯ ಅಡಿಯಲ್ಲಾಗಲಿ, ಆಳವಿಲ್ಲದ ಗವಿಯ ಬಾಯಲ್ಲಾಗಲಿ ನಿಲ್ಲಲೇಬೇಡಿ. ಗುಡ್ಡಕ್ಕೆ ಬಡಿದ ವಿದ್ಯುತ್ತು ಒದ್ದೆ ಬಂಡೆಯ ಮೈಮೇಲೆ ಹರಿದು ಬಂದು, ಗವಿಯ ಬಾಯಿಯ ತೆರಪನ್ನು ದಾಟುವಾಗ ಅಲ್ಲಿ ನಿಂತವರ ದೇಹದ ಮೂಲಕವೇ ನೆಲಕ್ಕೆ ಜಿಗಿಯಬಹುದು. ಮೊದಲ ಗುಡುಗು ಕೇಳಿದೊಡನೆ ಗುಡ್ಡ ಇಳಿದು ಪಕ್ಕಾ ಕಟ್ಟಡವನ್ನು, ಇಲ್ಲವೇ ಲೋಹದ ಚಾವಣಿಯ, ಕಿಟಕಿ ಮುಚ್ಚಿದ ವಾಹನವನ್ನು ಸೇರಿಕೊಳ್ಳಿ. ಬೇರೆ ದಾರಿಯೇ ಇಲ್ಲದಿದ್ದಲ್ಲಿ, ಆಳವೂ ಎತ್ತರವೂ ಇರುವ ಗವಿಯಲ್ಲಿ ಬಾಯಿಂದ ಸಾಕಷ್ಟು ಒಳಗೆ, ಗೋಡೆಯಿಂದ ಒಂದು ಮೀಟರಿಗಿಂತ ದೂರದಲ್ಲಿ, ಯಾವುದಕ್ಕೂ ಒರಗದೆ, ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ. ಗುಡ್ಡಕ್ಕೆ ಹೊರಡುವ ಮುನ್ನವೂ ದಾರಿಯಲ್ಲೂ ಮೊಬೈಲಿನಲ್ಲಿ, ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ನೋಡಿಕೊಳ್ಳುತ್ತಿದ್ದರೆ ಈ ಪ್ರಮೇಯ ಬರುವುದು ಕಡಿಮೆ.

ಎರಡನೆಯದು ಭಾರೀ ಮಳೆ. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಗೆ ಹೋದ 12 ಬಾಲಕರು ಮತ್ತು ಅವರ ತರಬೇತುದಾರ ಏರಿದ ನೀರಿನ ಹಿಂದೆ ಸಿಲುಕಿದರು. ಜುಲೈ 10ರಂದು ಕೊನೆಯವರು ಹೊರಬರುವಷ್ಟರಲ್ಲಿ ರಕ್ಷಣೆಗಿಳಿದಿದ್ದ ಒಬ್ಬ ಮುಳುಗುಗಾರ ಪ್ರಾಣ ತೆತ್ತಿದ್ದರು. ಅದು ಸುಣ್ಣಕಲ್ಲಿನ ನೀಳ ಗುಹೆ. ನಮ್ಮವು ಹೆಚ್ಚಾಗಿ ಬಂಡೆಗಳು ಒಂದರ ಮೇಲೊಂದು ಕೂತು ಉಂಟಾದ ಸಂದುಗಳು. ಆದರೆ ಗುಡ್ಡದ ನೀರು ಇಳಿಯುವುದೂ ಅಂಥ ಸಂದುಗಳಲ್ಲೇ. ಗೋಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ನೆಲದಲ್ಲಿ ಮೆಕ್ಕಲು, ಗೋಡೆಯ ಮೇಲೆ ಕೆಸರಿನ ಗೆರೆ ಕಂಡರೆ ಅಲ್ಲಿ ಹಿಂದೆ ನೀರು ನುಗ್ಗಿದೆಯೆಂದೇ ತಿಳಿದು ಮೇಲಿನ ದಿಣ್ಣೆಗೆ ಸರಿಯಿರಿ. ತುಂಗಭದ್ರೆ ಉಕ್ಕಿದಾಗ ಹೊನ್ನಾಳಿ, ಹರಿಹರದ ದಡದವರಿಗೆ ಸರಿಯಾದ ಜಾಗ ಆಡಳಿತ ತೆರೆಯುವ ಕಾಳಜಿ ಕೇಂದ್ರ.

ಭೂಮಿ ನಡುಗಿದರೆ ಬಂಡೆಗಳಿಂದ ದೂರ, ಬಯಲಿಗೆ ಬನ್ನಿ. ಕಾಡಿಗೆ ಬೆಂಕಿ ಬಿದ್ದಾಗಲೂ ಗವಿ ಬೇಡ, ಹೊಗೆ ಒಳಗೆ ತುಂಬಿಕೊಳ್ಳುತ್ತದೆ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಅಂಕಲಿ ಮಠದ ನೆಲದಡಿಯ ಕೋಣೆಗಳಲ್ಲಿ ಸಾಧಕರು ವಾಸಿಸಿದ್ದರಲ್ಲ ಎಂದು ಕೇಳುವವರಿದ್ದಾರೆ. ಅವು ನೆಲೆ ಅರಿತು, ಕೆತ್ತಿ, ಕಟ್ಟಿ, ವಾಸಕ್ಕೆಂದೇ ಸಜ್ಜುಗೊಳಿಸಿದ ಕೋಣೆಗಳು. ಅವುಗಳನ್ನು ನೋಡಿ, ಕತ್ತಲಲ್ಲಿ ಗಾಬರಿಯಿಂದ ಹೊಗುವ ಅಪರಿಚಿತ ಗವಿಯ ಸುರಕ್ಷತೆಯನ್ನು ಅಳೆಯಲಾಗದು.

ಅನಿವಾರ್ಯವಾಗಿ ಒಳಗೆ ಹೋಗಲೇಬೇಕಾದರೆ, ಮೊದಲು ಹೊರಗಿನಿಂದಲೇ ಟಾರ್ಚ್ ಹಾಕಿ ನೋಡಿ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಕಾಡಿನ ಆಸುಪಾಸಿನಲ್ಲಿ ಕರಡಿ, ಚಿರತೆಗಳಿವೆ. ಬಂಡೆಯ ಅಂಚಿನಲ್ಲಿ ಹೆಜ್ಜೇನು ಕಟ್ಟಿರಬಹುದು. ಹೊಸದಾಗಿ ಒಡೆದ ಕಲ್ಲುಚೂರುಗಳು ನೆಲದಲ್ಲಿದ್ದರೆ ಮೇಲಿನ ಬಂಡೆ ಕಳಚುತ್ತಿದೆ ಎಂದರ್ಥ. ಬಾವಲಿಯ ಹಿಕ್ಕೆಯನ್ನು ಕೆದಕಬೇಡಿ, ಅದರ ದೂಳಿನಿಂದ ಶ್ವಾಸಕೋಶದ ಸೋಂಕು ತಗಲಬಹುದು. ಚಳಿಯೆಂದು ಬೆಂಕಿ ಹಾಕಬೇಡಿ: ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾದ ಕಲ್ಲು ಸಿಡಿಯುವುದೂ ಉಂಟು. ಒಳಗೆ ಸಿಗ್ನಲ್ ಸಿಗದಿರುವುದರಿಂದ, ಕಾಲಿಡುವ ಮೊದಲೇ 112ಕ್ಕೆ ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ, ಗುಡ್ಡದ ಹೆಸರು, ಹತ್ತಿದ ದಾರಿ, ಜೊತೆಗಿರುವವರ ಸಂಖ್ಯೆಯನ್ನು ತಿಳಿಸಿಡಿ.