ಡಾ. ಡ್ರೇ ಬೀಟ್‌ಗಳನ್ನು ಬಿಚ್ಚಿ ನೋಡಿ ನಾನು ಕಲಿತದ್ದು

ನಾನು ಕನ್ನಡ ರ‍್ಯಾಪ್ ಹಾಡುವ ಗೆಳೆಯರಿಗೆ ಬೀಟ್ (ಹಾಡಿನ ಹಿಂದಿನ ತಾಳ-ಸಂಗೀತ) ಮಾಡಿಕೊಡುತ್ತೇನೆ. ಎಲ್ಲಿ ಕಲಿತೆ ಅಂತ ತುಂಬಾ ಜನ ಕೇಳುತ್ತಾರೆ. ಕ್ಲಾಸಿಗೆ ಹೋಗಿಲ್ಲ. ಗ್ಯಾಂಗ್‌ಸ್ಟಾ ರ‍್ಯಾಪ್ ಬೀಟ್‌ಗಳಿಗೆ ಹೆಸರಾದ ಅಮೆರಿಕದ ನಿರ್ಮಾಪಕ ಡಾ. ಡ್ರೇ 1992ರವರೆಗೆ ಮಾಡಿದ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಬಿಚ್ಚಿ, ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಕಟ್ಟಿ ಕಲಿತೆ.

ಗ್ಯಾಂಗ್‌ಸ್ಟಾ ರ‍್ಯಾಪ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಬೈಗುಳ, ಗನ್ನು, ಪೊಲೀಸರ ಮೇಲಿನ ಸಿಟ್ಟು. ಆ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. ಕ್ರ್ಯಾಕ್ ಕೊಕೇನ್ ಬಂದು ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್ ಕಡೆಯ ಬೀದಿಗಳು ಹಾಳಾಗಿದ್ದವು, 1988ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಆಪರೇಷನ್ ಹ್ಯಾಮರ್ ಅಂತ ಕಪ್ಪು ಹುಡುಗರನ್ನು ಗುಂಪುಗುಂಪಾಗಿ ಹಿಡಿದು ಒಳಗೆ ಹಾಕುತ್ತಿದ್ದರು. ಆದರೆ ಬೀದಿಯ ಮಾತನ್ನು ಫಿಲಡೆಲ್ಫಿಯಾದ ಸ್ಕೂಲಿ ಡಿ 1985ರಲ್ಲೇ ಹೇಳಿದ್ದರು, ಐಸ್-ಟಿ 1986ರಲ್ಲಿ ಹೇಳಿದ್ದರು. ಡ್ರೇ ಇದ್ದ ಎನ್.ಡಬ್ಲ್ಯು.ಎ. ತಂಡದ ಹಾಡು ಮಾತ್ರ 1989ರಲ್ಲಿ ಎಫ್‌ಬಿಐ ಅಧಿಕಾರಿಯೇ ರೆಕಾರ್ಡ್ ಕಂಪನಿಗೆ ಪತ್ರ ಬರೆಯುವಷ್ಟು ದೂರ ಮುಟ್ಟಿತು. ಮಾತು ಅಷ್ಟು ದೂರ ಹೋಗಿದ್ದು ಬೀಟ್ ಹೊತ್ತುಕೊಂಡು ಹೋಗಿದ್ದಕ್ಕೆ ಅಂತ ನಾನು ನಂಬುತ್ತೇನೆ. (ಹೆಣ್ಣುಮಕ್ಕಳ ಬಗ್ಗೆ ಆ ಹಾಡುಗಳಲ್ಲಿರುವ ಮಾತು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಇಲ್ಲ.)

ಡ್ರೇ ಶುರು ಮಾಡಿದ್ದು ಡಿಜೆ ಆಗಿ. ಈವ್ ಆಫ್ಟರ್ ಡಾರ್ಕ್ ಅನ್ನೋ ಕ್ಲಬ್. ಅದರ ಹಿಂದಿನ ರೂಮಿನಲ್ಲೇ ನಾಲ್ಕು ಟ್ರ್ಯಾಕಿನ ಪುಟ್ಟ ಸ್ಟುಡಿಯೋ. ಮುಂದೆ ಜನ ಯಾವುದಕ್ಕೆ ಕುಣೀತಾರೆ, ಯಾವುದಕ್ಕೆ ಹೋಗಿ ಕೂತ್ಕೋತಾರೆ ಅಂತ ನೋಡೋದು, ಹಿಂದೆ ಹೋಗಿ ಅದನ್ನೇ ಟೇಪಿಗೆ ಇಳಿಸೋದು. ವರ್ಲ್ಡ್ ಕ್ಲಾಸ್ ರೆಕಿನ್ ಕ್ರೂ ಅನ್ನೋ ಎಲೆಕ್ಟ್ರೋ ತಂಡದಲ್ಲಿ ಇದ್ದಿದ್ದೂ ಆಗಲೇ. ಇದು ಓದಿದ ಮೇಲೆ ನಾನೂ ಗೆಳೆಯರ ಪಾರ್ಟಿಗಳಲ್ಲಿ ಹಾಡು ಹಾಕೋಕೆ ಶುರು ಮಾಡಿದೆ. ಕುಣಿಯುವವರ ಕಾಲು ನೋಡಿ ಕಿಕ್ (ದಪ್ಪ ಡ್ರಮ್ಮಿನ ಹೊಡೆತ) ಎಲ್ಲಿ ಬೀಳಬೇಕು ಅಂತ ಗೊತ್ತಾಗುತ್ತೆ, ಅದನ್ನ ಯಾವ ವಿಡಿಯೋನೂ ಕಲಿಸಲ್ಲ.

ಮುಂದಿನ ಪಾಠ ಮಷೀನಿನ ಮೆಮೊರಿಯದ್ದು. ಆ ಕಾಲದ ಹಿಪ್‌ಹಾಪ್ ಸ್ಟುಡಿಯೋಗಳ ಪ್ರೀತಿಯ ಸ್ಯಾಂಪ್ಲರ್ (ಬೇರೆ ರೆಕಾರ್ಡಿನ ತುಣುಕು ಹಿಡಿದು ನುಡಿಸುವ ಮಷೀನು), 1987ರ ಎಸ್‌ಪಿ-1200, ಒಟ್ಟು 10 ಸೆಕೆಂಡ್ ಧ್ವನಿ ಮಾತ್ರ ಹಿಡಿಯುತ್ತಿತ್ತು, ಅದೂ ಕಡಿಮೆ ಗುಣಮಟ್ಟದ 12 ಬಿಟ್‌ನಲ್ಲಿ. ಹಾಗಾಗಿ ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಸ್ಯಾಂಪಲ್ (ತುಣುಕು) ತೆಗೆದು, ಆಮೇಲೆ ಮಷೀನಿನಲ್ಲಿ ಪಿಚ್ (ಶ್ರುತಿ) ಇಳಿಸುತ್ತಿದ್ದರು. ಜಾಗ ಉಳಿಯುತ್ತಿತ್ತು, ಸದ್ದಿಗೆ ಒಂದು ಒರಟುತನವೂ ಬರುತ್ತಿತ್ತು. ನನ್ನ ಸಾಫ್ಟ್‌ವೇರಿನಲ್ಲಿ ಮಿತಿಯೇ ಇಲ್ಲ, ಆದ್ರೂ ಒಂದು ಟ್ರ್ಯಾಕಿಗೆ 10 ಸೆಕೆಂಡ್‌ಗಿಂತ ಜಾಸ್ತಿ ಸ್ಯಾಂಪಲ್ ಬಳಸಬಾರದು ಅಂತ ನಾನೇ ನಿಯಮ ಹಾಕಿಕೊಂಡೆ. ಸ್ಯಾಂಪಲ್ಲನ್ನು ಸುಮಾರು ಐದು ಸೆಮಿಟೋನ್ (ಅರ್ಧ ಸ್ವರ) ಏರಿಸಿ ಹಿಡಿದು, 12 ಬಿಟ್‌ಗೆ ಇಳಿಸಿ, ವಾಪಸ್ ಕೆಳಗೆ ತರುತ್ತೇನೆ. 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಹಾಡಿನ ಡ್ರಮ್ 1969ರ ವಿನ್ಸ್‌ಟನ್ಸ್ ತಂಡದ ಒಂದು ತುಣುಕು. ಅದನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿದೆ: ತುಣುಕಿನ ಕೆಳಗಿನ ಭಾರವನ್ನು ಇಕ್ಯೂನಲ್ಲಿ (ದಪ್ಪ-ಸಣ್ಣ ಸದ್ದನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ಕತ್ತರಿಸಿ, ಆ ಜಾಗದಲ್ಲಿ 808 ಡ್ರಮ್ ಮಷೀನಿನ ಕಿಕ್ ಕೂರಿಸೋದು. ಎರಡೂ ಒಂದೇ ಜಾಗಕ್ಕೆ ಗುದ್ದಾಡಿದರೆ ಯಾವುದೂ ಕೇಳಿಸಲ್ಲ.

ಗಾಯನಕ್ಕೆ ಎನ್.ಡಬ್ಲ್ಯು.ಎ. ತಂಡದ ಈಜಿ-ಇ ಕಥೆಯೇ ನನಗೆ ದಾರಿ. ಅದೇ ತಂಡದ ಐಸ್ ಕ್ಯೂಬ್ ಬೇರೆ ತಂಡಕ್ಕೆಂದು ಬರೆದ ಹಾಡು, ಅವರು ಬೇಡ ಅಂದರು. ರ‍್ಯಾಪ್ ಹಾಡಿ ಅಭ್ಯಾಸವೇ ಇಲ್ಲದ ಈಜಿಯನ್ನು ನಿಲ್ಲಿಸಿ ಡ್ರೇ ಒಂದೊಂದೇ ಸಾಲು ರೆಕಾರ್ಡ್ ಮಾಡಿದರು. ಹೊಸ ಹುಡುಗರ ಜೊತೆ ನಾನೂ ಹೀಗೇ ಮಾಡೋದು. ಸಾಲು ಸರಿ ಬರೋವರೆಗೂ ಮುಂದಿನದಕ್ಕೆ ಹೋಗಲ್ಲ.

1991ರ ಡಿಸೆಂಬರ್‌ನಲ್ಲಿ ಅನುಮತಿ ಇಲ್ಲದೆ ಸ್ಯಾಂಪಲ್ ಬಳಸಿದ್ದಕ್ಕೆ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ಕೋರ್ಟ್ ತೀರ್ಪು ಬಂತು. ಕೇಳದೆ ಸ್ಯಾಂಪಲ್ ತೆಗೆಯೋ ಕಾಲ ಮುಗಿಯಿತು. ಡ್ರೇಗೆ ಹಳೇ ಫಂಕ್ ಬೇಸ್‌ಲೈನುಗಳನ್ನು ವಾದಕರ ಕೈಲಿ ಸ್ಟುಡಿಯೋದಲ್ಲೇ ನುಡಿಸೋ ಅಭ್ಯಾಸ ಇತ್ತು. 1992ರ 'ದ ಕ್ರಾನಿಕ್' ಆಲ್ಬಮ್ಮಿನಲ್ಲಿ ಅದು ಅರಳಿತು: ನಿಧಾನದ ಡ್ರಮ್ಮು, ದಪ್ಪ ಬೇಸು, ಮೇಲೆ ಸಣ್ಣಗೆ ಕೊರೆಯುವ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್). ಹೀಗೆ ನುಡಿಸಿದರೆ ಹಾಡು ಬರೆದವರ ಹಕ್ಕಿಗೆ ದುಡ್ಡು ಕೊಡಬೇಕು, ಆದರೆ ಮೂಲ ರೆಕಾರ್ಡಿಂಗಿಗೆ ಕೊಡಬೇಕಿಲ್ಲ. ಜೊತೆಗೆ ಪ್ರತಿ ವಾದ್ಯವೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೈಗೆ ಸಿಗುತ್ತೆ.

ನನ್ನ ಟ್ರ್ಯಾಕ್‌ಗಳಲ್ಲಿ ಈಗ ಬೇಸ್ ನುಡಿಸೋದು ಒಬ್ಬ ಗೆಳೆಯ. ಹಾಡುವ ದನಿಗೆಂದು ನಡುವಿನ ಜಾಗವನ್ನು ಬೇಕಂತಲೇ ಖಾಲಿ ಬಿಡುತ್ತೇನೆ, ಯಾಕಂದ್ರೆ ಕನ್ನಡ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಸಾಲು ಇಂಗ್ಲಿಷಿಗಿಂತ ಉದ್ದ ಎಳೆಯುತ್ತೆ. ಅದಕ್ಕೇ ವೇಗವನ್ನೂ ನಿಮಿಷಕ್ಕೆ 90 ತಾಳದ ಹೊಡೆತಗಳ ಆಸುಪಾಸಿನಲ್ಲೇ ಇಡುತ್ತೇನೆ.