ನೀವು ಕೇಳಿದ್ದು ಯಾವ ಪ್ರತಿ? ಮೆಟಲ್ ಆಲ್ಬಮ್ ತೂಗಿ ನೋಡುವ ಬಗೆ

ಬೆಳಗಾವಿಯವರೊಬ್ಬರು "ಈ ಆಲ್ಬಮ್ಮಿನಾಗ ಡ್ರಮ್ ಸತ್ತಂಗ ಐತಿ" ಅಂತಾರೆ. ವಿಜಯಪುರದವರೊಬ್ಬರು "ಡ್ರಮ್ಮೇ ಇದರ ಜೀವ" ಅಂತಾರೆ. ವಾದ ಬೆಳೆಯುವ ಮೊದಲು ಇಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕೈಯಲ್ಲಿರುವುದು ಯಾವ ವರ್ಷದ ಪ್ರತಿ? ಹಾರ್ಡ್ ರಾಕ್ ಮತ್ತು ಮೆಟಲ್‌ನಲ್ಲಿ ಹೆಸರು, ಮುಖಪುಟ ಎರಡೂ ಒಂದೇ ಇದ್ದು, ಒಳಗಿನ ದನಿ ಬೇರೆಯಾದ ಆಲ್ಬಮ್‌ಗಳು ಬಹಳ. ಪ್ರತಿ ಗುರುತಿಸದೆ, ಧೂಳು ತೆಗೆಯದೆ, ಕೋಣೆ ಸರಿಪಡಿಸದೆ ಕೊಟ್ಟ ಅಭಿಪ್ರಾಯ ಆಲ್ಬಮ್ಮಿನ ಮೇಲಿನದಲ್ಲ, ಆ ಧೂಳಿನ ಮೇಲಿನದು.

ಮೊದಲು ಹಿಂಬದಿ ಓದಿರಿ

ಗಾಯಕ ಆಜಿ ಆಸ್ಬಾರ್ನ್ ಅವರ 'ಬ್ಲಿಜರ್ಡ್ ಆಫ್ ಆಜ್' 1980ರದು. ಅದರಲ್ಲಿ ಬಾಸ್ ನುಡಿಸಿದವರು ಬಾಬ್ ಡೇಸ್ಲಿ, ಡ್ರಮ್ ಬಾರಿಸಿದವರು ಲೀ ಕರ್ಸ್ಲೇಕ್. 2002ರ ಮರುಮುದ್ರಣದಲ್ಲಿ ಇವರಿಬ್ಬರ ವಾದನವನ್ನೇ ತೆಗೆದು, ಆ ಜಾಗದಲ್ಲಿ ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬಾರ್ಡಿನ್ ಅವರಿಂದ ಹೊಸದಾಗಿ ನುಡಿಸಿ ಸೇರಿಸಿದರು. ರಾಂಡಿ ರೋಡ್ಸ್ ಅವರ ಗಿಟಾರ್ ಮಾತ್ರ ಹಳೆಯದೇ. ಆಜಿಯವರ ಮುಂದಿನ ಆಲ್ಬಮ್ 'ಡೈರಿ ಆಫ್ ಎ ಮ್ಯಾಡ್‌ಮನ್'ಗೂ ಇದೇ ಆಯಿತು. 2011ರ ಮುದ್ರಣದಲ್ಲಿ ಮೂಲ ವಾದನ ಮರಳಿ ಬಂತು. ಹಾಗಾಗಿ ಹಳೆಯ ಸಿಡಿ ಅಂಗಡಿಯಲ್ಲಿ ಈ ಎರಡರಲ್ಲಿ ಒಂದು ಸಿಕ್ಕರೆ, ಡಬ್ಬಿ ಹೊರಳಿಸಿ ಕೆಳಗಿನ ಸಣ್ಣ ಅಕ್ಷರದಲ್ಲಿ ಕೊನೆಯ ವರ್ಷ ಯಾವುದೆಂದು ನೋಡಿರಿ. 2002 ಇದ್ದರೆ ಬಿಡಿರಿ. ಗಿಟಾರ್ ಜೊತೆ ಒಂದೇ ಕೋಣೆಯಲ್ಲಿ ಉಸಿರಾಡಿದ ಡ್ರಮ್ ಬೇರೆ, ಇಪ್ಪತ್ತು ವರ್ಷದ ಮೇಲೆ ತಂದು ಹೊಲಿದ ಡ್ರಮ್ ಬೇರೆ.

ಮೆಗಾಡೆತ್‌ನ 'ರಸ್ಟ್ ಇನ್ ಪೀಸ್' (1990) 2004ರಲ್ಲಿ ಬಂದಾಗ ಬರೀ ರಿಮಾಸ್ಟರ್ ಆಗಿರಲಿಲ್ಲ, ಪೂರ್ತಿ ರಿಮಿಕ್ಸ್ ಆಗಿತ್ತು. ಹಾಡಿಕೆಯ ಕೆಲವು ಭಾಗಗಳನ್ನೂ ಹೊಸದಾಗಿ ಹಾಡಿ ಹಾಕಿದ್ದಾರೆ. ಈ ಎರಡು ಶಬ್ದಗಳ ವ್ಯತ್ಯಾಸ ಗಟ್ಟಿ ಮಾಡಿಕೊಳ್ಳಿರಿ. ಮುಗಿದ ಸ್ಟೀರಿಯೊ ಟೇಪಿನ ದನಿಯನ್ನು ಒಟ್ಟಾಗಿ ತಿದ್ದಿದರೆ ರಿಮಾಸ್ಟರ್. ಗಿಟಾರ್, ಡ್ರಮ್, ಕಂಠ ಎಲ್ಲವನ್ನೂ ಬೇರ್ಪಡಿಸಿ ಮತ್ತೆ ಹದ ಹಾಕಿದರೆ ರಿಮಿಕ್ಸ್. ಡೀಪ್ ಪರ್ಪಲ್‌ನ 'ಮಷೀನ್ ಹೆಡ್' (1972) 25ನೇ ವರ್ಷದ ಆವೃತ್ತಿಯಲ್ಲಿ ಎರಡು ಸಿಡಿ ಇವೆ. ಒಂದರಲ್ಲಿ ರಿಮಿಕ್ಸ್, ಇನ್ನೊಂದರಲ್ಲಿ ಮೂಲ ಮಿಕ್ಸ್. ತಪ್ಪು ಸಿಡಿ ಹಚ್ಚಿ "1972ರಲ್ಲೇ ಎಂಥ ಸ್ವಚ್ಛ ದನಿ" ಎಂದು ಬರೆದರೆ ಆ ಮಾತು 1997ಕ್ಕೆ ಹೋಗುತ್ತದೆ.

ಹಾಡುಗಳನ್ನೂ ಎಣಿಸಿರಿ. ಐರನ್ ಮೇಡನ್‌ನ 'ದಿ ನಂಬರ್ ಆಫ್ ದಿ ಬೀಸ್ಟ್' 1982ರ ಎಲ್‌ಪಿಯಲ್ಲಿ (ಸೂಜಿಯಿಂದ ನುಡಿಯುವ ದೊಡ್ಡ ರೆಕಾರ್ಡ್) ಇದ್ದದ್ದು 8 ಹಾಡು. 1998ರ ಸಿಡಿಯಲ್ಲಿ ಒಂಬತ್ತನೆಯದೊಂದನ್ನು ಸೇರಿಸಿದರು, ಅದನ್ನೂ ತುದಿಗೆ ಹಾಕದೆ ಕೊನೆಯ ಹಾಡಿನ ಹಿಂದೆ ತುರುಕಿದರು. ಆ ಕೊನೆಯ ಹಾಡು ಬರುವ ಹೊತ್ತಿಗೆ ಕಟ್ಟಿದ್ದ ಬಿಗಿ ಅಲ್ಲಿ ಸಡಿಲಾಗುತ್ತದೆ. ಆ ಸಿಡಿ ನಿಮ್ಮ ಹತ್ತಿರವಿದ್ದರೆ ಎಂಟನೆಯದನ್ನು ದಾಟಿಸಿ ಕೇಳಿರಿ.

ಸವಳು ನೀರು ಮುಟ್ಟಿಸಬೇಡಿರಿ

ಎಲ್‌ಪಿ ತೊಳೆಯುವಾಗ ನಮ್ಮ ಕಡೆ ಆಗುವ ಮೊದಲ ತಪ್ಪು ನೀರಿನದು. ವಿಜಯಪುರ, ಬಾಗಲಕೋಟೆ ಕಡೆ ಬೋರಿನ ನೀರು ಬಹಳಷ್ಟು ಕಡೆ ಸವಳು. ಅದು ಒಣಗಿದ ಮೇಲೆ ಸ್ಟೀಲ್ ಕೊಡದ ಮೇಲೆ ಉಳಿಯುವ ಬಿಳಿ ಕಲೆಯೇ ರೆಕಾರ್ಡಿನ ಗೆರೆಯೊಳಗೂ ಕೂಡುತ್ತದೆ, ಸೂಜಿ ಹಾದಾಗ ಚಟಪಟ ಅನ್ನುತ್ತದೆ. ಪೆಟ್ರೋಲ್ ಬಂಕ್, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿರಿ. ಜೊತೆಗೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಎಣ್ಣೆಯಂಶ ಬೆರೆತಿರಬಹುದು. ಡಿಸ್ಟಿಲ್ಡ್ ವಾಟರ್ 400 ಮಿ.ಲೀ., ಐಪಿಎ 100 ಮಿ.ಲೀ., ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಮೂರನೇ ಹನಿ ಬಿದ್ದರೆ ನೊರೆ ಉಳಿಯುತ್ತದೆ.

ದಪ್ಪ ಟವೆಲ್ ಹಾಸಿ ರೆಕಾರ್ಡ್ ಮಲಗಿಸಿರಿ. ನಡುವಿನ ಕಾಗದದ ಲೇಬಲ್ ಮೇಲೆ ಅದರಷ್ಟೇ ಅಗಲದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಬೋರಲು ಇಡಿರಿ, ಲೇಬಲ್ ತೊಯ್ಯುವುದಿಲ್ಲ. ಮೈಕ್ರೋಫೈಬರ್ ಅರಿವೆಯನ್ನು ಈ ನೀರಿನಲ್ಲಿ ಅದ್ದಿ ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಮೂರು ಸುತ್ತು ಒರೆಸಿರಿ. ಅಡ್ಡ ಒರೆಸಿದರೆ ಮಣ್ಣಿನ ಕಣವೇ ಗೀರುತ್ತದೆ. ಆಮೇಲೆ ಬೇರೆ ಅರಿವೆಯಿಂದ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೆರಡು ಸುತ್ತು. ಅಡುಗೆಮನೆಯ ತಾಟಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಂದು ತಾಸು ಒಣಗಿಸಿರಿ. ಫ್ಯಾನ್ ಬಂದ್ ಇರಲಿ. ಒದ್ದೆ ರೆಕಾರ್ಡಿನ ಮೇಲೆ ಫ್ಯಾನ್ ಬಿಟ್ಟರೆ ಎರಿ ಮಣ್ಣಿನ ಧೂಳು ತಂದು ಅಂಟಿಸಿದಂತೆ.

ಒಂದು ಎಚ್ಚರಿಕೆ. ಮನೆಯಲ್ಲಿ ಅಜ್ಜನ ಕಾಲದ 78ರ ವೇಗದ ಸಂಗೀತದ ರೆಕಾರ್ಡ್‌ಗಳೂ ಇದ್ದರೆ ಇದೇ ನೀರು ಅವಕ್ಕೆ ಹಚ್ಚಬೇಡಿರಿ. ಅವು ಅರಗಿನವು, ಆಲ್ಕೋಹಾಲ್ ತಾಗಿದರೆ ಕರಗುತ್ತವೆ.

ಸಿಡಿಯನ್ನು ನಡುವಿನಿಂದ ಅಂಚಿಗೆ ನೇರ ಒರೆಸಿರಿ, ಸುತ್ತು ಬೇಡ. ಹೊಳೆಯುವ ಬದಿಯ ಗೀರಿಗಿಂತ ಹೆಸರು ಅಚ್ಚಾದ ಬದಿಯ ಗೀರು ಅಪಾಯ. ದನಿ ಹೊತ್ತ ಪದರ ಇರುವುದು ಆ ಬದಿಗೇ ಹತ್ತಿರ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡರೆ ಪದರ ಹೋಗಿದೆ, ಅದಕ್ಕೆ ರಿಪೇರಿ ಇಲ್ಲ.

ಕ್ಯಾಸೆಟ್ಟಿನ ಕೆಲಸ ಹೆಚ್ಚು

ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ ಸಿಕ್ಕರೆ ಮೊದಲು ಕಿಟಕಿಯಿಂದ ಟೇಪಿನ ಸುರುಳಿ ನೋಡಿರಿ. ಬೆಳಗಾವಿಯ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ಸುರುಳಿಯ ಅಂಚಿಗೆ ಬೆಳ್ಳಗೆ ಬೂಸ್ಟು ಹಿಡಿದಿರುವುದುಂಟು. ಅದನ್ನು ಹಾಗೇ ಡೆಕ್ಕಿಗೆ ಹಾಕಿದರೆ ಬೂಸ್ಟು ಹೆಡ್ಡಿಗೆ (ಟೇಪಿನ ದನಿ ಓದುವ ಭಾಗ) ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ಹೋಗುತ್ತದೆ. ನಂತರ ಟೇಪಿನ ಹಿಂದಿನ ಸಣ್ಣ ಸ್ಪಂಜಿನ ಚೂರು ಇದೆಯೇ ನೋಡಿರಿ. ಗೋಂದು ಒಣಗಿ ಅದು ಬಿದ್ದುಹೋದರೆ ಟೇಪು ಹೆಡ್ಡಿಗೆ ಒತ್ತುವುದಿಲ್ಲ, ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ದನಿ ಮಾಯವಾಗುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬೇರೆ ಹಳೆಯದರಿಂದ ಆ ಚೂರನ್ನು ತೆಗೆದು ಕೂಡಿಸಬಹುದು. ಎರಡೂ ಸರಿಯಿದ್ದರೆ ಒಮ್ಮೆ ಪೂರ್ತಿ ಮುಂದೆ ಓಡಿಸಿ, ಪೂರ್ತಿ ಹಿಂದೆ ಸುತ್ತಿ, ಆಮೇಲೆ ಹಚ್ಚಿರಿ. ಅಂಟಿಕೊಂಡ ಪದರ ಬಿಡುತ್ತದೆ, ಟೇಪು ಎಳೆದುಕೊಂಡು ಸಿಕ್ಕು ಬೀಳುವುದಿಲ್ಲ.

ಹೆಡ್ಡನ್ನು ಮತ್ತು ಟೇಪು ಎಳೆಯುವ ಉಕ್ಕಿನ ಕಡ್ಡಿಯನ್ನು 20–30 ತಾಸು ಕೇಳಿದ ಮೇಲೊಮ್ಮೆ ಐಪಿಎ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿರಿ. ಪಕ್ಕದ ರಬ್ಬರ್ ಗಾಲಿಗೆ ಮಾತ್ರ ಸೋಪಿನ ಒದ್ದೆ ಅರಿವೆ ಸಾಕು. ಐಪಿಎ ಪದೇ ಪದೇ ತಾಗಿದರೆ ರಬ್ಬರ್ ಒಣಗಿ ಬಿರಿಯುತ್ತದೆ, ವೇಗ ತಪ್ಪಿ ಗಿಟಾರ್ ಸ್ವರ ಅಲುಗುತ್ತದೆ.

ಸ್ಲೇಯರ್‌ನ 'ರೇನ್ ಇನ್ ಬ್ಲಡ್' (1986) ಕ್ಯಾಸೆಟ್ಟಿನ ಎರಡೂ ಬದಿ ಒಂದೇ ಹಾಡುಗಳು ಬಂದರೆ ಮೋಸವಾಯಿತು ಅಂದುಕೊಳ್ಳಬೇಡಿರಿ. ಪೂರ್ತಿ ಆಲ್ಬಮ್ 29 ನಿಮಿಷದ್ದು, ಹಾಗಾಗಿ ಎರಡೂ ಬದಿಗೆ ಪೂರ್ತಿ ಆಲ್ಬಮ್ಮನ್ನೇ ತುಂಬಿದರು. ಹೊರಳಿಸಿದರೆ ಮತ್ತೆ ಮೊದಲಿಂದ. ಈ ಆಲ್ಬಮ್ಮಿಗೆ ಇದಕ್ಕಿಂತ ಒಪ್ಪುವ ರೂಪ ಇನ್ನೊಂದಿಲ್ಲ.

ಇಡುವ ವಿಷಯ ಚಿಕ್ಕದು. ಎಲ್ಲವನ್ನೂ ನಿಲ್ಲಿಸಿ ಇಡಿರಿ. ಮಳೆಗೆ ತಂಪು ಹಿಡಿಯುವ ಗೋಡೆಯಿಂದ ಕಪಾಟು ನಾಲ್ಕು ಬೆರಳಾದರೂ ದೂರವಿರಲಿ. ಡಾಂಬರ್ ಗುಳಿಗೆ ಹಾಕಬೇಡಿರಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಸಿಲಿಕಾ ಜೆಲ್ ಪೊಟ್ಟಣ ಸಾಕು. ಏಪ್ರಿಲ್-ಮೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಎಲ್‌ಪಿ ಬಿಟ್ಟರೆ ಸಂಜೆಗೆ ಅದು ಹಪ್ಪಳವಾಗಿರುತ್ತದೆ.

ಕೋಣೆ, ಕೌದಿ, ದನಿಯ ಮಟ್ಟ

ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಹತ್ತಿದವರಿಗೆ ಬೋಳು ಗೋಡೆ ದನಿಗೆ ಏನು ಮಾಡುತ್ತದೆಂದು ಗೊತ್ತು. ಆರ್‌ಸಿಸಿ ಛತ್ತು, ಶಹಾಬಾದ್ ಕಲ್ಲಿನ ನೆಲ ಇರುವ ಕೋಣೆಯೂ ಸಣ್ಣ ಪ್ರಮಾಣದಲ್ಲಿ ಅದನ್ನೇ ಮಾಡುತ್ತದೆ: ಸ್ನೇರ್ ಡ್ರಮ್ಮಿನ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಸ್ಪೀಕರ್ ಮುಂದೆ ಜಮಖಾನ ಹಾಸಿರಿ. ನೀವು ಕೂಡುವ ಜಾಗದ ಹಿಂದಿನ ಗೋಡೆಗೆ ದಪ್ಪನೆಯ ಕೌದಿ ಇಳಿಬಿಡಿರಿ. ಕೌದಿ ಸಿಂಬಲ್, ಗಿಟಾರಿನ ಚೂಪು ಪ್ರತಿಧ್ವನಿ ನುಂಗುತ್ತದೆ, ಬಾಸಿನ ಗುಂಯ್ಗುಡುವಿಕೆಯನ್ನಲ್ಲ. ಅದಕ್ಕೆ ಸ್ಪೀಕರನ್ನು ಮೂಲೆಯಿಂದ ಹೊರಗೆಳೆದು ಗೋಡೆಯಿಂದ ಒಂದೂವರೆ ಫೂಟು ಮುಂದಿಡಬೇಕು. ಕರೆಂಟ್ ಹೋದಾಗ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಕೇಳಿ ಅಭಿಪ್ರಾಯ ಬರೆಯಬೇಡಿರಿ, ಆಂಪ್ಲಿಫೈಯರ್ ಝುಂಯ್ ಅನ್ನುವುದು ಗಿಟಾರಿನೊಳಗೆ ಸೇರಿಹೋಗುತ್ತದೆ.

ಎರಡು ಪ್ರತಿ ಹೋಲಿಸುವಾಗ ದನಿಯ ಮಟ್ಟ ಸಮ ಮಾಡುವುದು ಎಲ್ಲಕ್ಕಿಂತ ಮುಖ್ಯ. ಜೋರಾಗಿರುವುದೇ ಚೊಲೊ ಎಂದು ಕಿವಿ ನಂಬುತ್ತದೆ, ಹೊಸ ಮುದ್ರಣಗಳು ಗೆಲ್ಲುವುದು ಅಲ್ಲೇ. ಫೋನಿನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕಿ, ಕೂಡುವ ಜಾಗದಲ್ಲಿ ಹಿಡಿದು, ಎರಡೂ ಪ್ರತಿಯಿಂದ ಒಂದೇ 30 ಸೆಕೆಂಡು ಹಚ್ಚಿರಿ. ವ್ಯತ್ಯಾಸ 1 ಡೆಸಿಬಲ್‌ಗಿಂತ ಕಡಿಮೆ ಆಗುವವರೆಗೆ ವಾಲ್ಯೂಮ್ ತಿರುಗಿಸಿರಿ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಹಾಡು ತೆರೆದು ಅಲೆಯ ಚಿತ್ರ ನೋಡಿರಿ. ಒಳ್ಳೆಯ ಮಾಸ್ಟರಿಂಗ್ ನಿಂತ ಜೋಳದ ಹೊಲದಂತೆ ಕಾಣುತ್ತದೆ, ತೆನೆಗಳು ಏರುಪೇರಾಗಿ ಮೇಲೆದ್ದಿರುತ್ತವೆ. ಹಿಂಡಿ ಜೋರು ಮಾಡಿದ್ದು ಕೊಯ್ದ ಮೇಲಿನ ಕೂಳೆಯಂತೆ ಒಂದೇ ಎತ್ತರಕ್ಕೆ ಸಪಾಟು. ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' (2008) ಸಿಡಿ ತೆರೆದು ನೋಡಿದರೆ ಕೂಳೆ ಕಣ್ಣಿಗೆ ರಾಚುತ್ತದೆ. ಹಾಡುಗಳು ಗಟ್ಟಿಯವು, ಆದರೆ ಆ ಸಿಡಿಯನ್ನು ಪೂರ್ತಿ ಕೇಳಿದರೆ ತಲೆ ನೋಯುವುದು ಹಾಡಿನಿಂದಲ್ಲ, ತುದಿ ಕತ್ತರಿಸಿದ ದನಿಯಿಂದ.

ಕೇಳಿ ಬರೆಯುವಾಗ

ಮೂರು ಸಲ ಕೇಳಿರಿ. ಮೊದಲ ಸಲ ಫೋನ್ ದೂರ ಇಟ್ಟು ಪೂರ್ತಿ. ಎರಡನೇ ಸಲ ಸಾಹಿತ್ಯ ಓದುತ್ತ. ಮೂರನೇ ಸಲ ಬಾಸ್, ಡ್ರಮ್ ಮಾತ್ರ ಹಿಡಿದು. ವಹಿಯ ಮೇಲ್ಗಡೆ ಪ್ರತಿಯ ವರ್ಷ, ರೂಪ, ಯಾವ ಸಾಧನ ಎಂದು ಬರೆದುಕೊಳ್ಳಿರಿ. "ಸೂಪರ್", "ಬೆಂಕಿ" ಅನ್ನುವ ಶಬ್ದ ಬಂದಲ್ಲಿ ಹೊಡೆದುಹಾಕಿ, ಯಾವ ಹಾಡು, ಎಷ್ಟನೇ ನಿಮಿಷ, ಯಾವ ವಾದ್ಯ ಎಂದು ಬರೆಯಿರಿ.

ಎಲ್‌ಪಿ ಕೇಳುವಾಗ ಒಂದು ತಪ್ಪು ತೀರ್ಪು ಪದೇ ಪದೇ ಆಗುತ್ತದೆ. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' (1986) ಸುಮಾರು 55 ನಿಮಿಷದ್ದು, ಒಂದೇ ಎಲ್‌ಪಿ ಆದರೆ ಬದಿಗೆ 27 ನಿಮಿಷ. ಅಷ್ಟು ತುಂಬಿದಾಗ ಗೆರೆಗಳು ಒತ್ತೊತ್ತಾಗಿ ದನಿ ತಗ್ಗುತ್ತದೆ. ಮೇಲಾಗಿ ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದರೆ, ಲೇಬಲ್ ಹತ್ತಿರ 21 ಸೆಂ.ಮೀ. ಮಾತ್ರ. ಅಷ್ಟೇ ಮಾಹಿತಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ. ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ಸಿಂಬಲ್ ಕರಕರ ಅಂದರೆ ಡ್ರಮ್ಮರ್‌ನನ್ನು ಬೈಯುವ ಮೊದಲು ಸೂಜಿಯ ಕೋನ, ತೂಕ ನೋಡಿರಿ. ಸೂಜಿ ಕೂಡಿಸಿದ ಕಾರ್ಟ್ರಿಜ್‌ನ ತಯಾರಕರು ಹೇಳಿದ ತೂಕವನ್ನೇ ಇಡಿರಿ, ಹೆಚ್ಚಿನವು 1.5ರಿಂದ 2.5 ಗ್ರಾಮಿನ ನಡುವೆ ಇರುತ್ತವೆ. "ಹಗುರ ಇಟ್ಟರೆ ರೆಕಾರ್ಡ್ ಸವೆಯುವುದಿಲ್ಲ" ಅನ್ನುವುದು ತಪ್ಪು ತಿಳಿವಳಿಕೆ. ಹಗುರಾದ ಸೂಜಿ ಗೆರೆಯಲ್ಲಿ ಕುಣಿದು ಗೋಡೆಗೆ ಬಡಿಯುತ್ತದೆ, ಸವೆತ ಹೆಚ್ಚುತ್ತದೆ.

ನಮ್ಮ ತೀರ್ಪು ಕೆಲವು

ಬ್ಲ್ಯಾಕ್ ಸಬ್ಬತ್‌ನ 'ಮಾಸ್ಟರ್ ಆಫ್ ರಿಯಾಲಿಟಿ' (1971) ಫೋನಿನ ಸ್ಪೀಕರಿನಲ್ಲಿ ಕೇಳಿ ಬೇಡ ಅಂದವರು ಅದನ್ನು ಕೇಳಿಯೇ ಇಲ್ಲ. ಬ್ಯಾಂಡಿನ ಎಡಗೈ ಗಿಟಾರ್ ವಾದಕ ಟೋನಿ ಐಯೊಮಿ ಕಾರ್ಖಾನೆಯ ಅಪಘಾತದಲ್ಲಿ, ತಂತಿ ಒತ್ತುವ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡು, ಪ್ಲಾಸ್ಟಿಕ್ ಟೊಪ್ಪಿ ಹಾಕಿ ನುಡಿಸಿದವರು. ತಂತಿ ಸಡಿಲಿದ್ದರೆ ಒತ್ತಲು ಹಗುರ. ಈ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಶ್ರುತಿಯನ್ನು ಮೂರು ಸೆಮಿಟೋನ್ (ಅರ್ಧ ಸ್ವರ) ಇಳಿಸಿದ್ದಾರೆ: ದಪ್ಪ ತಂತಿ 82 ಹರ್ಟ್ಜ್‌ನಿಂದ 69ಕ್ಕೆ, ಬಾಸ್ ಗಿಟಾರ್ 35ರ ಆಸುಪಾಸಿಗೆ. ಫೋನ್ ಅಷ್ಟು ಕೆಳಗೆ ಹೋಗುವುದೇ ಇಲ್ಲ. ದೊಡ್ಡ ಸ್ಪೀಕರ್ ಅಥವಾ ಒಳ್ಳೆಯ ಹೆಡ್‌ಫೋನ್ ಇದ್ದಾಗಲೇ ಹಚ್ಚಿರಿ. ಮೆಟಲ್‌ಗೆ ತೂಕ ಬಂದದ್ದು ಈ 34 ನಿಮಿಷದಲ್ಲಿ ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ.

ಮೆಟಾಲಿಕಾದ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' (1988) ಹಚ್ಚಿ ಬಾಸ್ ಗುಂಡಿ ಪೂರ್ತಿ ತಿರುಗಿಸುವವರು ಬಹಳ. ಪ್ರಯೋಜನವಿಲ್ಲ. ಜೇಸನ್ ನ್ಯೂಸ್ಟೆಡ್ ಅವರ ಬಾಸನ್ನು ಮಿಕ್ಸ್ ಮಾಡುವಾಗಲೇ ಕೇಳದಷ್ಟು ಇಳಿಸಿದ್ದಾರೆ. ಗುಂಡಿ ತಿರುಗಿಸಿದರೆ ಮೇಲೇಳುವುದು ಕಿಕ್ ಡ್ರಮ್ ಮತ್ತು ಗಿಟಾರಿನ ಕೆಳಸ್ತರ, ರಾಡಿಯಾಗುತ್ತದೆ. 2018ರ ರಿಮಾಸ್ಟರ್‌ನಲ್ಲೂ ಬಾಸ್ ಬರಲಿಲ್ಲ, ಅದು ರಿಮಿಕ್ಸ್ ಅಲ್ಲವಲ್ಲ. ಗುಂಡಿ ನಡುವೆ ಇಟ್ಟು ಗಿಟಾರಿನ ತಂತಿ ಮೀಟುವ ಬಲಗೈಯ ಲೆಕ್ಕಾಚಾರ ಕೇಳಿರಿ. ರಚನೆಯಲ್ಲಿ ಇದು 'ಪಪೆಟ್ಸ್'ಗಿಂತ ಧೈರ್ಯದ್ದು, ಆಲ್ಬಮ್ಮಾಗಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಜುಡಾಸ್ ಪ್ರೀಸ್ಟ್‌ನ 'ಬ್ರಿಟಿಷ್ ಸ್ಟೀಲ್' (1980) ಹೊಸಬರಿಗೆ ಮೊದಲು ಕೊಡಬೇಕಾದದ್ದು. 'ಮೆಟಲ್ ಗಾಡ್ಸ್' ಹಾಡಿನಲ್ಲಿ ಯಂತ್ರಗಳು ಹೆಜ್ಜೆ ಹಾಕುವ ದನಿ ಬರುತ್ತದಲ್ಲ, ಅದು ಚಮಚ-ಚಾಕು ತುಂಬಿದ ಟ್ರೇ ಅಲ್ಲಾಡಿಸಿ ಮಾಡಿದ್ದು. ನಿಮ್ಮ ಸೆಟ್ಟಿನಲ್ಲಿ ಒಂದೊಂದು ಚಮಚ ಬಿಡಿಬಿಡಿಯಾಗಿ ಕೇಳಿದರೆ ಸೂಜಿ, ಕೋಣೆ ಎರಡೂ ಸರಿಯಿವೆ. ಜಲ್ಲಿ ಸುರಿದಂತೆ ಒಂದೇ ಸಪ್ಪಳ ಬಂದರೆ ಕೌದಿ ಇನ್ನೊಂದು ಬೇಕು.

ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡಿನವರು ಇದೇ ಹಳೆಯ ದಾರಿಯವರು. 'ಬರ್ನ್ ಅಪ್ ದಿ ಸ್ಕೈ' (2016), 'ಆಫ್ಟರ್‌ಬರ್ನರ್' (2019) ಎರಡನ್ನೂ 'ಬ್ರಿಟಿಷ್ ಸ್ಟೀಲ್' ಆದ ಕೂಡಲೇ, ವಾಲ್ಯೂಮ್ ಸಮ ಮಾಡಿ ಹಚ್ಚಿರಿ. ಎಡ-ಬಲದ ಎರಡು ಗಿಟಾರ್ ಜೋಡೆತ್ತಿನಂತೆ ಸಾಗುವಲ್ಲಿ ಎರಡನ್ನೂ ಬೇರೆ ಬೇರೆ ಹಿಂಬಾಲಿಸಿರಿ. ನಮಗೆ 'ಆಫ್ಟರ್‌ಬರ್ನರ್' ಹಾಡುಗಳು ಹೆಚ್ಚು ಹಿಡಿಸುತ್ತವೆ.