ಮೂಗಲ್ಲಿ ಮೇವು ಬರುವ ಕುದುರೆ ಮನೆಯಲ್ಲಿದ್ದರೆ

ಕುದುರೆಯ ಎರಡೂ ಹೊಳ್ಳೆಗಳಿಂದ ಹಸಿರು ನೀರು ಇಳಿಯುತ್ತಿದ್ದರೆ ನೆಗಡಿ ಎಂದುಕೊಂಡು ನೀಲಗಿರಿ ಎಣ್ಣೆ ಹುಡುಕಲು ಹೋಗಬೇಡಿ. ಅದು ಮೇವು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಗಂಟಲಿಂದ ಕೆಳಗಿಳಿಯದ್ದು ಮೂಗಿನ ದಾರಿ ಹಿಡಿಯುತ್ತದೆ. ತಿನ್ನುವಾಗ ಕೆಮ್ಮು, ಕತ್ತು ಚಾಚಿ ಚಾಚಿ ನುಂಗುವುದು, ಸುಮ್ಮನೆ ಜೊಲ್ಲು ಸುರಿಯುವುದು, ಇವು ತಿಂಗಳುಗಟ್ಟಲೆ ಬಂದು ಹೋಗುತ್ತಿದ್ದರೆ ಪೂರ್ತಿ ವಾಸಿಯಾಗುತ್ತದೆಂಬ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಆದರೆ ಕೈಬಿಡಬೇಡಿ. ಮೈಸೂರಿನ ಟಾಂಗಾ ಕುದುರೆಗಳ ನಡುವೆಯೇ ಮುದುಕನಾದವನು ನಾನು. ಇಂಥ ಕುದುರೆಗಳು ಸರಿಯಾದ ಮೇವಿನ ಮೇಲೆ ವರ್ಷಗಟ್ಟಲೆ ನೆಮ್ಮದಿಯಾಗಿ ಇದ್ದದ್ದನ್ನು ನೋಡಿದ್ದೇನೆ.

ಮೊದಲು ತೊಂದರೆ ಎಲ್ಲಿದೆ ಎಂದು ತಿಳಿಯಬೇಕು. ಅಗಿದ ಹುಲ್ಲು ಉಂಡೆಯಾಗಿ ಬಾಯಿಂದ ಕೆಳಗೆ ಬೀಳುತ್ತಿದ್ದರೆ ಹಲ್ಲು ನೋಡಿಸಿ. ಮೇಲಿನ ದವಡೆಹಲ್ಲು ಕೆನ್ನೆಯ ಕಡೆಗೆ, ಕೆಳಗಿನದು ನಾಲಿಗೆಯ ಕಡೆಗೆ ಚೂಪಾಗಿ ಬೆಳೆಯುತ್ತದೆ. ವರ್ಷಕ್ಕೊಮ್ಮೆ, ವಯಸ್ಸಾದದ್ದಾದರೆ ಆರು ತಿಂಗಳಿಗೊಮ್ಮೆ ನೋಡಿಸಿ ಅರ ಹಾಕಿಸಬೇಕು. ಹಲ್ಲು ಸರಿಯಿದ್ದರೆ ಗಂಟಲೋ ಅನ್ನನಾಳವೋ ಎಂಬ ಪ್ರಶ್ನೆ. ಗಂಟಲ ಹಿಂದೆ ಕುದುರೆಗೆ ಎರಡು ಗಾಳಿಚೀಲಗಳಿವೆ. ಅಲ್ಲಿ ಶಿಲೀಂಧ್ರ ಬೆಳೆದರೆ ನುಂಗುವ ನರಗಳೇ ಸೋಲುತ್ತವೆ. ಇದರಲ್ಲಿ ಮೂಗಿನಿಂದ ರಕ್ತ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಜೀವಕ್ಕೇ ಅಪಾಯ. ಅನ್ನನಾಳದ ಕಥೆ ಬೇರೆ. ಮೇವು ಸಿಕ್ಕಿಕೊಂಡು ಸಿಕ್ಕಿಕೊಂಡು ಒಳಗೆ ಹುಣ್ಣಾಗಿ, ಅದು ಮಾಯುವಾಗ ಗಾಯದ ಜಾಗ ಬಿಗಿದು ದಾರಿ ಕಿರಿದಾಗುತ್ತದೆ. ಕೆಲವಕ್ಕೆ ನಾಳ ಸಡಿಲಗೊಂಡು ಚೀಲದಂತಾಗುವುದೂ ಉಂಟು.

ಇದನ್ನು ವೈದ್ಯರು ಮೂಗಿನಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿ ಹೇಳಬೇಕು. ಮೈಸೂರು, ಬೆಂಗಳೂರಿನಲ್ಲಿ ರೇಸ್ ಕುದುರೆಗಳಿರುವುದರಿಂದ ಕುದುರೆ ಬಲ್ಲ ವೈದ್ಯರು ಸಿಗುತ್ತಾರೆ. ಖರ್ಚು ಅಂತ ಹಿಂದೆಗೆಯಬೇಡಿ, ಮೇವಿನ ಬಕೆಟ್ಟನ್ನು ಎಲ್ಲಿಡಬೇಕು ಎಂಬುದೇ ಇದರ ಮೇಲೆ ನಿಂತಿದೆ. ಗಂಟಲ ನರ ಸೋತಿದ್ದರೆ ಬಕೆಟ್ಟು ನೆಲದ ಮೇಲಿರಬೇಕು. ತಲೆ ತಗ್ಗಿದ್ದರೆ ತಪ್ಪಿದ ಮೇವು ಮೂಗಿನಿಂದ ಹೊರಗೆ ಹೋಗುತ್ತದೆ, ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆ. ಅನ್ನನಾಳ ಸಡಿಲವಾಗಿದ್ದರೆ ತದ್ವಿರುದ್ಧ: ಬಕೆಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿ ಕಟ್ಟಿದರೆ ಮೇವು ತನ್ನ ಭಾರಕ್ಕೇ ಕೆಳಗೆ ಜಾರುತ್ತದೆ. ಒಂದಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆ ಮಾಡಿದರೆ ಕೆಟ್ಟದ್ದೇ ಆಗುವುದು.

ಇಲ್ಲೊಂದು ಎಚ್ಚರಿಕೆ. ನಿನ್ನೆಯವರೆಗೆ ಚೆನ್ನಾಗಿದ್ದ ಕುದುರೆ ಇದ್ದಕ್ಕಿದ್ದಂತೆ ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ ಬಾಯಿಗೆ ಕೈ ಹಾಕಬೇಡಿ. ಬೀದಿನಾಯಿಗಳಿರುವ ಊರಿನಲ್ಲಿ ಅದು ರೇಬಿಸ್ ಇರಬಹುದು. ವೈದ್ಯರು ಬರುವ ತನಕ ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನೊಂದು ಮಾತು, ಇದಕ್ಕೆ ನನ್ನ ಮೇಲೆ ಕೋಪ ಮಾಡಿಕೊಳ್ಳುವ ಹಳಬರು ಇದ್ದಾರೆ: ಗೊಟ್ಟ ಹಾಕಬೇಡಿ. ದನಕ್ಕೆ ಹಾಕುವಂತೆ ಕುದುರೆಯ ತಲೆ ಎತ್ತಿ ಹಿಡಿದು ಬಿದಿರು ಗೊಟ್ಟದಲ್ಲೋ ಬಾಟಲಿಯಲ್ಲೋ ಎಣ್ಣೆ, ಕಷಾಯ ಹುಯ್ದರೆ ನುಂಗಲು ಬಾರದ ಪ್ರಾಣಿಗೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಎಣ್ಣೆ ಒಳಗೆ ಹೋದರಂತೂ ತೆಗೆಯುವ ಉಪಾಯವೇ ಇಲ್ಲ. ಜಂತುಹುಳದ ಮದ್ದಾದರೂ ಸರಿ, ಯಾವ ರೂಪದಲ್ಲಿ ಕೊಡಬೇಕೆಂದು ವೈದ್ಯರನ್ನು ಕೇಳಿಯೇ ಕೊಡಿ.

ಈಗ ಮೇವಿನ ವಿಷಯ. ಒಣಹುಲ್ಲು, ಒಣ ಬೂಸಾ, ಒಣ ತೌಡು, ನೆನೆಸದ ಹುರುಳಿ, ಇವನ್ನು ಲಾಯದಿಂದ ಹೊರಗಿಡಿ. ಹುರುಳಿಯನ್ನು ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೇಯಿಸಿ ರುಬ್ಬಿ. ಕುದುರೆ ಮಸಾಲೆ ಸೊಪ್ಪನ್ನು (ಲೂಸರ್ನ್ ಎನ್ನುವ ಮೇವು) ಒಣಗಿಸಿ ಪುಡಿ ಮಾಡಿ, ಇಲ್ಲವೇ ಅದರ ಪೆಲೆಟ್ ಸಿಕ್ಕರೆ ತನ್ನಿ; ಯಾವುದೇ ಆದರೂ ಬಿಸಿನೀರಿನಲ್ಲಿ ನೆನೆಹಾಕಿ. ಪೆಲೆಟ್ ಒಂದು ಪಾಲಿಗೆ ನೀರು ಎರಡು ಪಾಲು, ಬೇಕಾದರೆ ಮೂರು. ಕೈ ಹಾಕಿ ತಳದ ತನಕ ಹಿಸುಕಿ ನೋಡಿ, ಒಂದೂ ಗಟ್ಟಿ ಕಾಳು ಬೆರಳಿಗೆ ಸಿಗಬಾರದು. ಇಡ್ಲಿ ಹಿಟ್ಟಿನ ಹದಕ್ಕೆ ಬಂದರೆ ಬಹಳ ಕುದುರೆಗಳಿಗೆ ಹಿಡಿಸುತ್ತದೆ. ತೀರಾ ನೀರಾದರೆ ಗಂಟಲ ತೊಂದರೆಯವಕ್ಕೆ ಮೂಗಿಗೇ ಹೆಚ್ಚು ಬರುವುದುಂಟು, ಆಗ ಸ್ವಲ್ಪ ಗಟ್ಟಿ ಮಾಡಿ. ನಿಮ್ಮ ಕುದುರೆಗೆ ಯಾವುದು ಸುಲಭ ಎಂದು ಅದರ ಮೂಗೇ ಹೇಳುತ್ತದೆ. ಬೂಸಾ ಅಗ್ಗ ಅಂತ ಅದೊಂದರಲ್ಲೇ ಹೊಟ್ಟೆ ತುಂಬಿಸಬೇಡಿ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ಕಾಲಕ್ರಮದಲ್ಲಿ ಮೂಳೆ ಸೋಲುತ್ತದೆ. ಕುದುರೆ ಮಸಾಲೆಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಅದೇ ಹೆಚ್ಚಿರಲಿ.

300 ಕಿಲೋ ತೂಗುವ ಕುದುರೆಗೆ ನೀರು ಬಿಟ್ಟು ಒಣಮೇವಿನ ಲೆಕ್ಕದಲ್ಲಿ ದಿನಕ್ಕೆ 4.5ರಿಂದ 6 ಕಿಲೋ ಬೇಕು. ಅದನ್ನು ಐದಾರು ಸಲಕ್ಕೆ ಹಂಚಿ. ಹಸಿದ ಕುದುರೆ ಗಬಗಬನೆ ನುಂಗುತ್ತದೆ, ಅಲ್ಲಿಯೇ ಕೆಡುವುದು. ಪಕ್ಕದಲ್ಲಿ ಇನ್ನೊಂದು ಕುದುರೆ ತಿನ್ನುತ್ತಿದ್ದರೆ ಪೈಪೋಟಿಗೆ ಇನ್ನೂ ಅವಸರ, ಆದ್ದರಿಂದ ಬೇರೆ ಕಟ್ಟಿ, ಆದರೆ ಒಂದಕ್ಕೊಂದು ಕಾಣುವಂತಿರಲಿ. ನಮ್ಮ ಬೇಸಿಗೆಯಲ್ಲಿ ಕಲೆಸಿಟ್ಟ ಮೇವು ಬೇಗ ಹುಳಿಯುತ್ತದೆ. ರಾತ್ರಿಯದನ್ನು ಬೆಳಿಗ್ಗೆಗೆ ಇಡಬೇಡಿ, ಪ್ರತಿ ಸಲ ಬಕೆಟ್ಟು ತೊಳೆಯಿರಿ. ಜೊಲ್ಲು ಸುರಿಸುವ ಕುದುರೆ ಉಪ್ಪನ್ನೂ ಕಳೆದುಕೊಳ್ಳುತ್ತದೆ, ದಿನಕ್ಕೆ ಒಂದೆರಡು ಟೀ ಚಮಚ ಅಡುಗೆ ಉಪ್ಪು ಬೆರೆಸಿ. ಎಳೆ ಗರಿಕೆ ಸಿಗುವ ಜಾಗವಿದ್ದರೆ ವೈದ್ಯರನ್ನು ಕೇಳಿ ಅರ್ಧ ಗಂಟೆ ಬಿಟ್ಟು ನೋಡಿ. ಒಣಹುಲ್ಲು ನುಂಗದ ಎಷ್ಟೋ ಕುದುರೆಗಳು ಗಿಡ್ಡ ಹಸಿಹುಲ್ಲನ್ನು ನಿಧಾನವಾಗಿ ಕಿತ್ತು ತಿನ್ನುತ್ತವೆ. ಮೆಷಿನ್ನಿನಲ್ಲಿ ಕತ್ತರಿಸಿ ರಾಶಿ ಹಾಕಿದ ಲಾನ್ ಹುಲ್ಲು ಮಾತ್ರ ಬೇಡವೇ ಬೇಡ.

ಕಾಲಡಿಗೆ ಹುಲ್ಲು ಹಾಸಿದರೆ ರಾತ್ರಿ ಅದನ್ನೇ ಮೆಲ್ಲುತ್ತದೆ. ಮರದ ಹೊಟ್ಟು ಹಾಸಿ. ಅದನ್ನೂ ತಿನ್ನುವ ಹಟಮಾರಿಯಾದರೆ ಊಟದ ನಡುವೆ ಬಾಯಿಗೆ ಕುಕ್ಕೆ ಕಟ್ಟಿ, ನೀರು ಕುಡಿಯಲು ಬರುವಂಥ ಕುಕ್ಕೆ ಇರಲಿ. ಪ್ರೀತಿಗೆ ಕ್ಯಾರೆಟ್ ತಂದುಕೊಡುವವರದ್ದು ಬೇರೆ ಕಾಟ. ದುಂಡಗೆ ಹೆಚ್ಚಿದ ಕ್ಯಾರೆಟ್ ಬಿಲ್ಲೆ ಅನ್ನನಾಳಕ್ಕೆ ಬಿರಡೆಯೇ ಸರಿ. ತುರಿದು ಮೇವಿಗೆ ಬೆರೆಸಿ. ಬೆಲ್ಲವನ್ನು ಉಂಡೆಯಾಗಿ ಕೊಡುವುದು ಬೇಡ, ಕರಗಿಸಿ. ಲಾಯದ ಬಾಗಿಲಿಗೆ "ಯಾರೂ ಏನೂ ತಿನ್ನಿಸಬೇಡಿ" ಎಂದು ಬರೆದ ಹಲಗೆ ತೂಗುಹಾಕಿ.

ಇಷ್ಟಾದರೂ ಒಮ್ಮೊಮ್ಮೆ ಮೇವು ಸಿಕ್ಕಿಕೊಳ್ಳುತ್ತದೆ. ಕುದುರೆ ಗಾಬರಿಯಾಗಿ ಕತ್ತು ತಿರುಚುತ್ತದೆ, ಕತ್ತಿನ ಎಡಬದಿಯಲ್ಲಿ ಗಂಟು ಕೈಗೆ ಸಿಗಬಹುದು. ಮೇವು, ನೀರು ಎರಡನ್ನೂ ತೆಗೆದುಬಿಡಿ. ತಲೆ ತಗ್ಗಿಸಲು ಬಿಟ್ಟು ಸದ್ದಿಲ್ಲದ ಕಡೆ ನಿಲ್ಲಿಸಿ, ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಕೋಲು, ಪೈಪು ತುರುಕುವುದಾಗಲಿ ಕತ್ತನ್ನು ಒತ್ತಿ ತಿಕ್ಕುವುದಾಗಲಿ ಕೂಡದು. ಅವರು ಬರುವುದರೊಳಗೆ ತಾನೇ ಇಳಿದುಹೋದರೂ ಬಂದು ನೋಡಲಿ, ಮುಂದಿನ ಕೆಲವು ದಿನದ ಮೇವು ಹೇಗಿರಬೇಕೆಂದು ಹೇಳಲಿ.

ನಿಜವಾದ ಶತ್ರು ಗಂಟಲಲ್ಲ, ಎದೆ. ಶ್ವಾಸಕೋಶಕ್ಕೆ ಇಳಿದ ಮೇವಿನಿಂದ ನ್ಯುಮೋನಿಯಾ ಆಗುತ್ತದೆ. ದಿನಾ ಎರಡು ಹೊತ್ತು ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ನಿಂತಲ್ಲೇ ಪಕ್ಕೆಯ ಏರಿಳಿತ ಎಣಿಸಿ, ನಿಮಿಷಕ್ಕೆ 8ರಿಂದ 16 ಉಸಿರು ಸರಿ. ಅದಕ್ಕಿಂತ ಏರಿದರೆ, ಮೂಗಿನ ಬಳಿ ಕೊಳೆತ ವಾಸನೆ ಬಂದರೆ, ಅವತ್ತೇ ವೈದ್ಯರು. ವಾರಕ್ಕೊಮ್ಮೆ ಮುಂಗಾಲ ಹಿಂದೆ ಎದೆಸುತ್ತ ಹಗ್ಗ ಸುತ್ತಿ ಗುರುತು ಹಾಕಿ. ದಿನಾ ನೋಡುವ ಕಣ್ಣಿಗೆ ಕುದುರೆ ಸೊರಗಿದ್ದು ತಿಳಿಯುವುದಿಲ್ಲ, ಹಗ್ಗಕ್ಕೆ ತಿಳಿಯುತ್ತದೆ.

ಜ್ವರ ಮತ್ತೆ ಮತ್ತೆ ಮರುಕಳಿಸಿ, ಹಗ್ಗದ ಗುರುತು ಒಳಗೇ ಸರಿಯುತ್ತಾ ಹೋದರೆ ಇನ್ನು ಎಳೆಯುವುದು ಸರಿಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಹಸಿವಿದ್ದೂ ನುಂಗಲಾರದ ಪ್ರಾಣಿಯನ್ನು ನಮ್ಮ ಸಮಾಧಾನಕ್ಕೆ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆ ಮಾತು ಆಡುವಾಗ ದಿನಾ ಮೇವು ಕಲೆಸುವವರನ್ನೂ ಕರೆಯಿರಿ, ಕುದುರೆ ಈಚೆಗೆ ಎಷ್ಟು ಬಿಡುತ್ತಿದೆ ಎಂಬುದು ಅವರಿಗೇ ಗೊತ್ತಿರುತ್ತದೆ.